ಹಳೇದು ಬೇರೆ, ಹಳಸಿದ್ದು ಬೇರೆ

ಹೆಣ್ಣು ಕೂಸು. ನನ್ನ ಮಗಳಿಗೆ ಹೆಣ್ಣು ಕೂಸು ಹುಟ್ಟಿದೆ, ಇವತ್ತು ಮಧ್ಯಾಹ್ನ ದವಾಖಾನೆಯಿಂದ ಗಜೇಂದ್ರಗಡದ ನಮ್ಮ ಮನೆಗೆ ಬಂದಿದೆ. ತಾಯಿ, ಕೂಸು ಇಬ್ಬರೂ ಆರಾಮ ಇದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಕೈ ಮುಂದಕ್ಕೆ ಬರೆಯುವುದಿಲ್ಲ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಆಮೇಲೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟವನು ಇನ್ನೂ ಅಲ್ಲೇ ಕೂತಿದ್ದೇನೆ. ಬರೆಯುವುದು ನನಗೆ ಸೀರೆ ನೇಯುವುದಕ್ಕಿಂತ ತ್ರಾಸಿನ ಕೆಲಸ. ದವಾಖಾನೆಯ ಬಾಕಿನ ಮೇಲೆ ಕೂತು ಕೂತು ಸೊಂಟ ಹಿಡಿದುಕೊಂಡಿದೆ, ಕಣ್ಣು ಉರಿಯುತ್ತಿವೆ. ಆದರೂ ಮಲಗಲು ಮನಸ್ಸು ಒಪ್ಪುತ್ತಿಲ್ಲ.

ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಾಗ ಅದು ನನ್ನ ಹೆಬ್ಬೆರಳು ಹಿಡಿದುಕೊಂಡಿತು. ಆಗ ನನಗೆ ಇನ್ನೊಬ್ಬರ ಹೆಬ್ಬೆರಳು ಕಣ್ಣ ಮುಂದೆ ಬಂತು. ತುದಿ ಸವೆದು ಚಪ್ಪಟೆಯಾದ, ಕಂದು ಬಣ್ಣ ಉಗುರಿನೊಳಗೆ ಇಳಿದುಹೋದ, ಎಷ್ಟು ತಿಕ್ಕಿದರೂ ಬಿಳಿಯಾಗದ ಹೆಬ್ಬೆರಳು. ಹುಡುಗನಿದ್ದಾಗಿನಿಂದ ತಂಬಾಕಿನ ಎಲೆ ಸುತ್ತಿದ ಬೆರಳು ಅದು. ನಮ್ಮ ಓಣಿಯ ಬಾಯಿಗೆ ಇದ್ದ ಚುಟ್ಟಾದ ಅಂಗಡಿಯವರದು. ಊರೆಲ್ಲ ಅವರಿಗೆ ಚಾಚಾ ಎನ್ನುತ್ತಿತ್ತು, ನಾನೂ ಚಾಚಾ ಎನ್ನುತ್ತಿದ್ದೆ. ಅವರ ಒಂದು ಕೆಟ್ಟ ಚುಟ್ಟಾದ ದೆಸೆಯಿಂದ ಈ ಕೂಸು ನಮ್ಮ ಮನೆಗೆ ಬಂತು ಎಂದರೆ ಮಂದಿ ನಗುತ್ತಾರೆ. ನಗಲಿ.

ಅಂಗಡಿ ಎಂದರೆ ಒಬ್ಬರು ಚಕ್ಕಳಮಕ್ಕಳ ಹಾಕಿ ಕೂರುವಷ್ಟು ಕಟ್ಟೆ. ಮುಂದೆ ಒಂದು ಮಣೆ, ಅದರ ಮೇಲೆ ಒದ್ದೆ ಬಟ್ಟೆಯಲ್ಲಿ ಎಲೆ. ಬಲಗಡೆ ಹೊಸ ಚುಟ್ಟಾಗಳ ತಗಡಿನ ಡಬ್ಬಿ. ತಲೆಯ ಮೇಲಿನ ಹಲಗೆಯಲ್ಲಿ, ಬಾಯಿಗೆ ಬಟ್ಟೆ ಕಟ್ಟಿದ ಒಂದು ಗಡಿಗೆ. ಆ ಗಡಿಗೆಯೊಳಗೆ ಹಳೇ ಚುಟ್ಟಾ ಇರುತ್ತಿದ್ದವು. ಸುತ್ತಿದ ಮೇಲೆ ವರ್ಷಗಟ್ಟಲೆ ಸುಮ್ಮನೆ ಇಟ್ಟವು. ಅವಕ್ಕೆ ದರ ಹೆಚ್ಚು.

ಇಟ್ಟವು ಎಂದರೆ ಇಟ್ಟು ಮರೆತವು ಅಲ್ಲ. ಬೇಸಿಗೆಯಲ್ಲಿ ಗಡಿಗೆಗೆ ಒದ್ದೆ ಗೋಣಿತಟ್ಟು ಸುತ್ತುತ್ತಿದ್ದರು. ಮಳೆಗಾಲದಲ್ಲಿ ಅದನ್ನು ಬಿಚ್ಚಿ, ಗಡಿಗೆಯನ್ನು ಮನೆಗೆ ಒಯ್ದು ಒಲೆಯ ಹಿಂದಿನ ಬೆಚ್ಚನೆ ಗೂಡಿನಲ್ಲಿ ಇಡುತ್ತಿದ್ದರು. ಶುಕ್ರವಾರ ನಮಾಜು ಮುಗಿಸಿ ಬಂದು ಒಂದೊಂದನ್ನೇ ಹೊರಗೆ ತೆಗೆದು, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಮುಕುತ್ತಿದ್ದರು. ಸಪ್ಪಳ ಬಂದರೆ ಒಣಗಿದೆ, ಏನೂ ಬರದಿದ್ದರೆ ತೇವ ಹಿಡಿದಿದೆ, ಎರಡರ ನಡುವಿನದು ಬೇಕು. ಹ್ಯಾಂಗದೀರಿ ಚಾಚಾ ಎಂದು ಯಾರಾದರೂ ಕೇಳಿದರೆ ಅವರು ಕೊಡುತ್ತಿದ್ದ ಉತ್ತರ ಒಂದೇ: "ಇನ್ನೂ ಮಾಗಾಕತ್ತೀನಿ."

ದಣಿದ ದನಿ ಅವರದು. ಹೊತ್ತು ಏರುವ ಮೊದಲೇ ಸಂಜೆಯಾದವರ ಹಾಗೆ ಮಾತಾಡುತ್ತಿದ್ದರು. ಹಳೇದು ಕೇಳಿದವರಿಗೆಲ್ಲ ಹಳೇದು ಕೊಡುತ್ತಿರಲಿಲ್ಲ. ಗೆಳೆಯರ ಮುಂದೆ ಸೇದಿ ತೋರಿಸಲು ಬಂದವರನ್ನು ಮುಖ ನೋಡಿಯೇ ಗುರುತಿಸಿ, ನಿಮಗೆ ಹೊಸಾದೇ ಸಾಕು ಎಂದು ಡಬ್ಬಿಯ ಕಡೆ ಕೈ ಮಾಡುತ್ತಿದ್ದರು. ಒಂದು ದಿನ ನಾನು, ಇವೆರಡರಲ್ಲಿ ಖರೇ ವ್ಯತ್ಯಾಸ ಇದೆಯೋ, ಬರೀ ಹೇಳಿಕೆಯೋ ಎಂದು ಕೇಳಿದೆ. ಅವರು ಎರಡನ್ನೂ ಕೈಗಿಟ್ಟರು. ಹೊಸಾದು ಮೊದಲಿಗೆ ಭಾಳ ಚಲೋ ಅನ್ನಿಸಿತು. ಅರ್ಧ ಸುಟ್ಟ ಮೇಲೆ ಗಂಟಲು ಕೆರೆಯಿತು, ತುದಿಗೆ ಬರುವ ಹೊತ್ತಿಗೆ ಕಹಿ. ಹಳೇದು ಮೊದಲಿಗೆ ಸಪ್ಪೆ. ಆದರೆ ಕಡೆಯತನಕ ಒಂದೇ ಹದ, ಮತ್ತು ಬಲು ನಿಧಾನ. ಮನೆಗೆ ಬಂದು ಹೆಂಡತಿಗೆ ಇದನ್ನೆಲ್ಲ ಬಣ್ಣಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. "ಸುಡಾಕ ಹಳೇದ್ಯಾಕ, ಹೊಸಾದ್ಯಾಕ? ಬೂದಿ ಒಂದ ಅಲ್ಲೇನು?" ಎಂದಳು.

ಈಗ ಮಗಳ ಮಾತು. ಅವಳು ರೋಣದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಓದಿದವಳು. ಅಲ್ಲಿ ನರಗುಂದದ ಒಬ್ಬ ಹುಡುಗ ಜೊತೆಗಿದ್ದ. ಓದು ಮುಗಿದ ಮೇಲೆ ಅವನು ಊರಲ್ಲಿ ಪಂಪಿನ ಮೋಟಾರು ರಿಪೇರಿ ಅಂಗಡಿ ಹಾಕಿದ. ಮದುವೆಯಾದರೆ ಅವನನ್ನೇ, ಇಲ್ಲವಾದರೆ ಯಾರೂ ಬೇಡ ಎಂದು ಮಗಳು ತಾಯಿಯ ಹತ್ತಿರ ಹೇಳಿದ್ದಳು. ಹುಡುಗನ ತಂದೆ ತಾಯಿ ಒಪ್ಪಿದ್ದರು. ಒಪ್ಪದವರು ಅವನ ದೊಡ್ಡಪ್ಪ, ಅಂದರೆ ತಂದೆಯ ಅಣ್ಣ. ನರಗುಂದದ ಪೇಟೆಯಲ್ಲಿ ಕಾಳಿನ ವ್ಯಾಪಾರ ಮಾಡಿದ ಕುಳ. ಆ ಮನೆಯಲ್ಲಿ ಅವರು ಹೂಂ ಎನ್ನದೆ ಒಲೆ ಹೊತ್ತುವುದಿಲ್ಲ. ಕುಣಿಯೊಳಗೆ ಕೂತು ನೇಯುವವರ ಮನೆಯ ಹೆಣ್ಣು ನಮಗೆ ಬೇಡ ಎಂದು ಅವರು ಆಗಲೇ ಮಂದಿಯ ಮುಂದೆ ಅಂದಿದ್ದರು. ಹುಡುಗ ಹಟ ಹಿಡಿದಿದ್ದಕ್ಕೆ ಒಮ್ಮೆ ಬಂದು ಹೋಗಲು ಒಪ್ಪಿದ್ದರು. ನಮ್ಮ ಮನೆಗೆ ಬಂದು, ನಮ್ಮೆದುರೇ ಇಲ್ಲ ಎಂದು, ಎದ್ದು ಹೋಗುವವರು. ಅದು ನಮಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಅವಳು ಉಣ್ಣುವುದು ಬಿಟ್ಟಿದ್ದಳು.

ನಾನು ಚಾಚಾನ ಕಟ್ಟೆಗೆ ಹೋಗಿ ಕೂತೆ. ನಮ್ಮ ಕಡೆ ಹಿರಿಯರಲ್ಲಿ ಒಂದು ರೂಢಿ ಇತ್ತು: ಮನೆಯವರು ಕೊಟ್ಟ ಚುಟ್ಟಾ ಹಚ್ಚಿದ ಮೇಲೆ ಅದು ಮುಗಿಯುವತನಕ ಏಳಬಾರದು, ಇಲ್ಲ ಎಂಬ ಮಾತನ್ನೂ ಆಡಬಾರದು. ಆ ದೊಡ್ಡಪ್ಪ ಚುಟ್ಟಾದ ಶೋಕಿಯವರು, ರೂಢಿ ಮೀರುವವರಲ್ಲ. ಚಾಚಾ ಎಲ್ಲ ಕೇಳಿಸಿಕೊಂಡು ಗಡಿಗೆ ಇಳಿಸಿದರು. "ಹೊಸಾದು ಕೊಟ್ಟಿ ಅಂದ್ರ ಚರಚರ ಉರದು ಎದ್ದು ಹೊಕ್ಕಾನ. ಹಳೇದು ಕೊಡು ತಮ್ಮಾ. ನಿನಗೂ ನಾಕು ಮಾತಾಡಾಕ ಪುರಸೊತ್ತು ಸಿಗತೈತಿ, ಅವಗೂ ವಿಚಾರ ಮಾಡಾಕ." ಹೆಚ್ಚಿನ ದರ ನಾನು ಸಂತೋಷದಿಂದಲೇ ಕೊಟ್ಟೆ. ಹೊತ್ತನ್ನೇ ಕೊಂಡುಕೊಂಡಂತೆ ಅನ್ನಿಸಿತ್ತು.

ದೊಡ್ಡಪ್ಪ ಬಂದರು. ಗೋಡೆಗೆ ಬೆನ್ನು ಕೊಡದೆ, ಜಮಖಾನೆಯ ಅಂಚಿಗೆ ಕೂತರು. ನಾನು ಚುಟ್ಟಾ ಕೊಟ್ಟೆ. ಮೂಸಿ ನೋಡಿ, ಹಳೇದು ಎಂದು ತಿಳಿದು, ಹುಬ್ಬು ಮೇಲೆ ಮಾಡಿ ಹಚ್ಚಿದರು. ಎರಡು ಸಲ ಎಳೆಯುವಷ್ಟರಲ್ಲಿ ಆರಿಹೋಯಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಮೂರನೆಯ ಸಲಕ್ಕೆ ಅವರ ಕಡ್ಡಿಪೆಟ್ಟಿಗೆ ಖಾಲಿ. ಮುಗಿಯದೆ ಏಳುವ ಹಾಗಿಲ್ಲ, ಅದು ಮುಗಿಯುವ ಲಕ್ಷಣವಿಲ್ಲ. ಒಳಗಿನಿಂದ ಯಾರಾದರೂ ಬೆಂಕಿ ತರ್ರಿ ಎಂದು ಅವರೇ ಕೂಗಿದರು. ಹೆಂಡತಿಯ ಕೈ ಹಿಟ್ಟಾಗಿತ್ತು. ಮಗಳೇ ಚಿಮಟದಲ್ಲಿ ಕೆಂಡ ಹಿಡಿದು ಬಂದಳು.

"ಹಿಡೀರಿ ದೊಡ್ಡಪ್ಪಾರ," ಎಂದಳು.

ಗಾಬರಿಯಲ್ಲಿ ಬಾಯಿ ತಪ್ಪಿತ್ತು. ಹುಡುಗನ ಬಾಯಲ್ಲಿ ಅವರ ಹೆಸರು ದಿನಾ ಹಾಗೇ ಕೇಳಿ ಕೇಳಿ ಅದೇ ಬಂತು. ನಾನು ನೆಲ ನೋಡಿದೆ. ಅವರು ಕೆಂಡಕ್ಕೆ ಬಾಗಿದವರು ಹಾಗೆಯೇ ತಲೆ ಎತ್ತಿದರು.

"ನಾ ಇನ್ನೂ ಹೂಂ ಅಂದಿಲ್ಲ. ಆಗಲೇ ದೊಡ್ಡಪ್ಪ ಆದೆನೇನು?"

"ಮತ್ತ ಏನನ್ನಲಿ? ಚುಟ್ಟಾದವ್ರ ಅನ್ನಲೇನ್ರಿ?" ಎಂದಳು ಮಗಳು. ಕಣ್ಣಲ್ಲಿ ನೀರು, ಚಿಮಟ ಮಾತ್ರ ಅಲುಗಲಿಲ್ಲ.

ಅವರು ನಗಲಿಲ್ಲ. ಚುಟ್ಟಾ ಹಚ್ಚಿಕೊಂಡರು. ಅದು ಮತ್ತೆ ಆರಿತು, ಮಗಳು ಮತ್ತೆ ಕೆಂಡ ತಂದಳು. ಹೀಗೆ ಎಷ್ಟು ಸಲವೋ. ಪ್ರತಿ ಸಲ ಅವರು ಒಂದು ಪ್ರಶ್ನೆ ಕೇಳಿದರು, ಪ್ರತಿ ಸಲ ಅವಳು ನಿಂತು ಉತ್ತರ ಕೊಟ್ಟಳು. ಏನು ಓದಿದಿ, ಮಗ್ಗ ಬರುತ್ತದೆಯೇ, ನಮ್ಮದು ದೊಡ್ಡ ಮನೆ, ಎಲ್ಲರ ಬಾಯಿ ತಡೆದುಕೊಳ್ಳುತ್ತೀಯಾ, ಹೀಗೆ. ಅವರ ಬೆನ್ನು ಯಾವಾಗ ಗೋಡೆಗೆ ತಾಗಿತೋ ನಾನು ನೋಡಲಿಲ್ಲ. ಹೊತ್ತು ಇಳಿಯಿತು. ಕಡೆಗೆ ಅರ್ಧ ಉಳಿದ ಚುಟ್ಟಾವನ್ನು ತಾವೇ ತಟ್ಟೆಗೆ ಒತ್ತಿ, ಮನೆಯೊಳಕ್ಕೆ ನೋಡುತ್ತ ಅಂದರು: "ಉಣ್ಣಾಕ ಏನರ ಮಾಡೀರಿಲ್ಲೋ? ಬೀಗರನ್ನ ಹಿಂಗ ಉಪವಾಸ ಕಳಸೂದೇನು?"

ಮರುದಿನ ಬೆಳಗ್ಗೆ ನಾನು ಓಡುತ್ತ ಚಾಚಾನ ಕಟ್ಟೆಗೆ ಹೋಗಿ, ನಿಮ್ಮ ಚುಟ್ಟಾ ಆರಿ ಆರಿ ನನ್ನ ಮಗಳ ಮದುವೆ ಮಾಡಿತು ಎಂದು ನಗುತ್ತ ಹೇಳಿದೆ. ಅವರು ನಗಲಿಲ್ಲ. ಗಡಿಗೆ ಇಳಿಸಿ ಒಂದನ್ನು ತೆಗೆದು ಕಿವಿಗೆ ಹಿಡಿದರು. ಇನ್ನೊಂದನ್ನು ಹಿಡಿದರು. ಒಂದನ್ನು ಉಗುರಿನಿಂದ ಸೀಳಿ ಮೂಗಿಗೆ ತಂದರು. ಮುಖ ಸಣ್ಣದಾಯಿತು.

"ತೇವ ಹಿಡದೈತಿ. ಹಳೇದಾಗೂದು ಬ್ಯಾರೆ ತಮ್ಮಾ, ಹಳಸೂದು ಬ್ಯಾರೆ. ನಾ ನಿನಗ ಹಳಸಿದ್ದು ಕೊಟ್ಟೆ."

ಲಗ್ನ ಗೊತ್ತಾಯಿತಲ್ಲ, ಆದದ್ದೆಲ್ಲ ಒಳ್ಳೇದೇ ಆಯಿತಲ್ಲ ಎಂದು ನಾನು ಎಷ್ಟು ಹೇಳಿದರೂ ಅವರ ಕಿವಿಗೆ ಹೋಗಲಿಲ್ಲ. ಅದು ನಿನ್ನ ನಸೀಬು, ಇದು ನನ್ನ ಕೆಲಸ ಎಂದರು. ಗಡಿಗೆ ಹೊತ್ತುಕೊಂಡು ಊರ ಹೊರಗಿನ ತಿಪ್ಪೆಗೆ ನಡೆದರು. ನಾನೂ ಹಿಂದೆ ಹೋದೆ. ವರ್ಷಗಟ್ಟಲೆ ಕಾಯ್ದದ್ದನ್ನೆಲ್ಲ ಸುರುವಿ, ಗಡಿಗೆಯನ್ನು ಬೋರಲು ಹಾಕಿ ಅದರ ಮೇಲೆಯೇ ಕೂತರು. ಆಗ ನಾನು ಕೇಳಿದೆ, ಚಾಚಾ, ಹಾಗಾದರೆ ಹಳೇದಕ್ಕೆ ಹೆಚ್ಚು ರೊಕ್ಕ ಕೊಡಬೇಕೋ ಬೇಡವೋ ಎಂದು. ಹೊತ್ತಲ್ಲದ ಹೊತ್ತಿನ ಪ್ರಶ್ನೆ, ಆದರೆ ಬಾಯಿಗೆ ಅದೇ ಬಂತು.

"ಇಟ್ಟಾಂವ ಎಚ್ಚರಿದ್ದರ ಕೊಡು," ಎಂದರು. "ಬರೇ ದಿನ ಕಳದದ್ದಕ್ಕ ಕೊಡಬ್ಯಾಡ. ದಿನ ಎಲ್ಲಾರವೂ ಕಳೀತಾವ. ಈ ಮಳಿಗಾಲದಾಗ ನಾ ಎಚ್ಚರಿರಲಿಲ್ಲ."

ಆ ಮಳೆಗಾಲದಲ್ಲಿ ಅವರ ಹೆಂಡತಿ, ನಮ್ಮೆಲ್ಲರ ಚಾಚಿ, ಹಾಸಿಗೆ ಹಿಡಿದಿದ್ದರು. ಅದು ಓಣಿಗೆಲ್ಲ ಗೊತ್ತಿತ್ತು. ಅವರಿಗೆ ಗಂಜಿ ಕುಡಿಸಿ, ಮಗ್ಗುಲು ಬದಲಿಸಿ, ಸೊಳ್ಳೆ ಓಡಿಸುತ್ತ ಚಾಚಾ ಎಷ್ಟೋ ಶುಕ್ರವಾರ ಅಂಗಡಿಯ ಬಾಗಿಲನ್ನೇ ತೆರೆದಿರಲಿಲ್ಲ. ಗಡಿಗೆ ಹಲಗೆಯ ಮೇಲೆಯೇ ಉಳಿದಿತ್ತು, ಒಲೆಯ ಹಿಂದಕ್ಕೆ ಹೋಗಿರಲಿಲ್ಲ. ಚಾಚಿ ದಸರೆಯ ಹಿಂದುಮುಂದೆ ತೀರಿಕೊಂಡಿದ್ದರು. ಇದರಲ್ಲಿ ಒಂದು ಮಾತನ್ನೂ ಅವರು ನೆಪ ಮಾಡಿ ಹೇಳಲಿಲ್ಲ.

ನಾನೇ ಅಂದೆ: "ಎಚ್ಚರಿದ್ದಿರಿ ಚಾಚಾ. ಗಡಿಗೀ ಕಡೆ ಅಲ್ಲ, ಚಾಚೀ ಕಡೆ."

ಹಂದಿಯೊಂದು ಬಂದು ಚುಟ್ಟಾ ಮೂಸಿ, ಸೀನಿ ಓಡಿಹೋಯಿತು. ಆಗ ಮಾತ್ರ ಅವರಿಗೆ ನಗು ಬಂತು. ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಅದರಲ್ಲಿ ನಗು ಎಷ್ಟು, ಅಳು ಎಷ್ಟು, ನಾನು ಬೇರೆ ಮಾಡಲು ಹೋಗಲಿಲ್ಲ.

ಆಮೇಲೆ ಅವರು ಮತ್ತೆ ಗಡಿಗೆ ತುಂಬಿದರು, ಆದರೆ ಹಳೇದಕ್ಕೆ ಹೆಚ್ಚಿನ ದರ ಹಚ್ಚಲಿಲ್ಲ. ತಿಳಿದವರು ಕೇಳಿದರೆ ಹೊಸಾದರ ದರಕ್ಕೇ ಕೊಡುತ್ತಿದ್ದರು. ತಿಳಿದವರೂ ಕಡಿಮೆಯಾದರು, ಪೊಟ್ಟಣದ ಗುಟ್ಕಾ ಬಂತು. ನನಗೂ ಕೆಮ್ಮು ಹತ್ತಿ ಡಾಕ್ಟರರು ಚುಟ್ಟಾ ಬಿಡಿಸಿದರು. ಚುಟ್ಟಾ ಬಿಟ್ಟರೂ ಕಟ್ಟೆ ಬಿಡಲಿಲ್ಲ. ಮದುವೆಯಾದ ಮೊದಮೊದಲು ಚಾಚಾ ನನ್ನನ್ನು ಕಂಡಾಗಲೆಲ್ಲ, ಮಗಳ ಕಡೆಯಿಂದ ಏನಾದರೂ ಸುದ್ದಿ ಇದೆಯೇ ಎಂದು ಕೇಳುತ್ತಿದ್ದರು. ವರ್ಷಗಳು ಕಳೆದವು, ಹುಬ್ಬಳ್ಳಿಯ ದವಾಖಾನೆಗಳಿಗೆ ಅಲೆದದ್ದಾಯಿತು, ಎರಡು ಸಲ ಬಸಿರು ನಿಂತು, ಇಳಿದುಹೋಯಿತು. ಒಂದು ದಿನದಿಂದ ಚಾಚಾ ಕೇಳುವುದನ್ನು ಬಿಟ್ಟರು. ಊರೆಲ್ಲ ಕೇಳುತ್ತಿದ್ದಾಗ ಕೇಳದೆ ಇದ್ದವರು ಅವರೊಬ್ಬರೇ. ನನ್ನ ಮುಖ ನೋಡಿ, ಸರಿದು ಜಾಗ ಮಾಡಿ, ಕೂಡು ಎನ್ನುತ್ತಿದ್ದರು, ಅಷ್ಟೇ.

ಹೋದ ಚಳಿಗಾಲದಲ್ಲಿ ಉಸಿರಾಟದ ತೊಂದರೆಯಿಂದ ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿದ್ದೆ. ಆಗ ಮಗಳಿಗೆ ಮೂರು ತಿಂಗಳು. ಎರಡು ಸಲ ಹೋಗಿದ್ದರಿಂದ ಗಟ್ಟಿಯಾಗುವತನಕ ಯಾರಿಗೂ ಹೇಳುವುದು ಬೇಡ ಎಂದು ಮನೆಯಲ್ಲಿ ಮಾತಾಗಿತ್ತು, ನಾನು ಅವರಿಗೂ ಹೇಳಿರಲಿಲ್ಲ. ಇವತ್ತು ಆಟೋದಲ್ಲಿ ಕೂಸನ್ನು ಕರೆತರುವಾಗ ಓಣಿಯ ಬಾಯಲ್ಲಿ ನಿಲ್ಲಿಸಿ ಎಂದೆ. ಆ ಕಟ್ಟೆಯಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಯಾಕೆ ನಿಲ್ಲಿಸಿದ್ದು ಎಂದು ಹೆಂಡತಿ ಕೇಳಲಿಲ್ಲ. ಸೆರಗು ಸರಿಸಿ ಕೂಸಿನ ಮುಖವನ್ನು ಆ ಕಡೆಗೆ ಒಂದು ಗಳಿಗೆ ತೋರಿಸಿದಳು. ಆಮೇಲೆ ಆಟೋ ಹೊರಟಿತು.

ಸಂಜೆಗೆ ನರಗುಂದದ ಬೀಗರೆಲ್ಲ ಬಂದರು. ದೊಡ್ಡಪ್ಪನವರನ್ನು ಇಬ್ಬರು ಹಿಡಿದು ಇಳಿಸಬೇಕಾಯಿತು. ಪಡಸಾಲೆಯ ಉದ್ದಕ್ಕೂ ಎಲೆ ಹಾಕಿದೆವು. ಗೋಧಿ ಹುಗ್ಗಿ, ರೊಟ್ಟಿ, ಬದನೆಕಾಯಿ ಪಲ್ಲೆ. ಮಗಳು ಒಳಕೋಣೆಯ ಹೊಸ್ತಿಲ ಆಚೆ, ಎಲ್ಲರಿಗೂ ಕಾಣುವ ಹಾಗೆ, ತನ್ನ ಬಿಸಿ ಅನ್ನ ತುಪ್ಪದ ತಟ್ಟೆ ಹಿಡಿದು ಕೂತಳು. ನನಗೆ ತುತ್ತು ಎತ್ತಲೂ ಶಕ್ತಿ ಇರಲಿಲ್ಲ, ತೋಳು ಸೀಸದಂತೆ ಭಾರವಾಗಿದ್ದವು. ಇಷ್ಟು ವರ್ಷ ತವರಿಗೆ ಬಂದಾಗಲೆಲ್ಲ ಆ ಹುಡುಗಿ, ಹಸಿವಿಲ್ಲ ಎಂದು ಎರಡು ತುತ್ತಿಗೆ ಏಳುತ್ತಿದ್ದವಳು. ಪಂಕ್ತಿಯಲ್ಲಿ ಕೂತರೆ ಯಾರಾದರೂ ಮಕ್ಕಳ ಮಾತು ಕೇಳಿಯಾರು ಎಂಬ ಅಂಜಿಕೆ. ಇವತ್ತು ತಟ್ಟೆ ಬರಿದು ಮಾಡಿ, ಅದನ್ನು ಹೊಸ್ತಿಲ ಈಚೆಗೆ ಸರಿಸಿದಳು.

"ಅವ್ವಾ, ಇನ್ನೊಂದೀಟು ಹಾಕು," ಎಂದಳು.

ಹೆಂಡತಿ ಹಾಕಿದಳು. ಎಲ್ಲರೂ ತಲೆ ಬಾಗಿಸಿ ಉಂಡೆವು.