ಹಿತ್ತಲಿಗೆ ನುಗ್ಗುವ ಉಮೇದುವಾರ

ಮಿಕ್ಕ ಉಮೇದುವಾರರು ಮುಂಬಾಗಿಲಲ್ಲಿ ಕೈಮುಗಿದು ನಿಂತರೆ, ನಮ್ಮ ಡಾಕ್ಟರ್ ತವನಪ್ಪ ಮಗದುಮ್ ನೆಟ್ಟಗೆ ಹಿತ್ತಲಿಗೆ ನುಗ್ಗುತ್ತಾರೆ. ಇಪ್ಪತ್ತೆರಡು ವರ್ಷ ಕುಪವಾಡದ ಓಣಿಗಳಲ್ಲಿ ಡೆಂಗಿ ತಪಾಸಣೆ ಮಾಡಿದ ವೈದ್ಯರು ನೌಕರಿ ಬಿಟ್ಟು ಪಾಲಿಕೆಯ ನಗರಸೇವಕರಾಗಲು ಹೊರಟಿದ್ದಾರೆ. ಕೈಯಲ್ಲಿ ಕರಪತ್ರವಿಲ್ಲ, ಟಾರ್ಚಿದೆ. ನೀರಿನ ಬ್ಯಾರಲ್ಲಿನ ಮುಚ್ಚಳ ಎತ್ತಿ, ಟಾರ್ಚಿನ ಬೆಳಕು ಬಿಟ್ಟು, "ಏನ್ ಮಾವಶಿ, ಸೊಳ್ಳಿ ಸಾಕೀರೇನ್ರಿ? ಇವಕ್ಕ ವೋಟ ಇಲ್ಲರಿ!" ಎಂದು ಗದರಿ, ಮನೆಯವರು ಹಿಡಿದಿಟ್ಟ ನೀರನ್ನೆಲ್ಲ ಗಟಾರಕ್ಕೆ ಚೆಲ್ಲಿಬಿಡುತ್ತಾರೆ, ನೀರಿನ ಜೊತೆ ಆ ಮನೆಯ ಐದು ವೋಟೂ ಹರಿದುಹೋಗುತ್ತವೆ. ಆರತಿ ತಟ್ಟೆ ಹಿಡಿದು ಬಂದ ಹೆಂಗಸರನ್ನು "ಜ್ವರ ಎಷ್ಟ ದಿನದಿಂದ?" ಎಂದು ಕೇಳುತ್ತಾರೆ. ಭಾಷಣಕ್ಕೆ ನಿಲ್ಲಿಸಿದರೆ ಕೂಲರ್, ಹೂಕುಂಡ, ಹಳೆ ಟೈರುಗಳ ಹೆಸರು ಹೇಳಿ, "ನಳ ದಿನಾ ಬರೂಹಂಗ ಮಾಡ್ತೀನಿ, ಬ್ಯಾರಲ್ ಒಗೀರಿ" ಎಂದು ಇಳಿದುಬಿಡುತ್ತಾರೆ. ಪ್ರಚಾರದ ಹೊಣೆ ಹೊತ್ತ ಮಗಳು ಮೃಣಾಲ, "ಪಪ್ಪಾ, ಹಿಂಗಾದ್ರ ಡಿಪಾಸಿಟ್ಟೂ ಉಳಿಯೂದಿಲ್ಲ" ಎಂದು ಹಣೆ ಬಡಿದುಕೊಳ್ಳುತ್ತಾಳೆ. ಆದರೆ ಮೊನ್ನೆ, ಎಂಐಡಿಸಿಯ ಕಾರ್ಖಾನೆಗಳಿಗೆ ಕೂಲಿಗೆ ಹೋಗುವ ಸಾತವ್ವನ ಮನೆಯ ಮುಂದೆ ಟಾರ್ಚು ತಾನಾಗಿ ಜೇಬು ಸೇರಿತು. ಬಾಗಿಲ ಪಕ್ಕದ ಗೋಡೆಯ ಮೇಲೆ ಹೋದ ಮಳೆಗಾಲದ ತಪಾಸಣೆಯ ತಾರೀಖು ಇನ್ನೂ ಅಳಿಸಿಲ್ಲ. ಅದರ ಕೆಳಗೆ ಇವರದೇ ಸಹಿ. ಅಂದು ಊಟದ ಹೊತ್ತಾಯಿತೆಂದು ಒಳಗೆ ಹೋಗದೆಯೇ ಸಹಿ ಹಾಕಿದ್ದರು. ಹದಿನೈದು ದಿನಕ್ಕೆ ಸಾತವ್ವನ ಮೊಮ್ಮಗಳು ಡೆಂಗಿಯಿಂದ ತೀರಿಕೊಂಡಳು. ಮರುತಿಂಗಳು ಇವರು ರಾಜೀನಾಮೆ ಕೊಟ್ಟರು. ಡಾಕ್ಟರು ಮೊದಲ ಸಲ ಮುಂಬಾಗಿಲಲ್ಲಿ ಕೈಮುಗಿದು ನಿಂತರು. ಸಾತವ್ವ ಅವರ ಕೈಯನ್ನು ನೋಡಲಿಲ್ಲ. ಹಿತ್ತಲ ಬಾಗಿಲು ತೆರೆದು ಹೇಳಿದಳು: "ಇವತ್ತರೆ ಒಳಗ ಬಂದ ನೋಡ್ರಿ, ಸಾಹೇಬ್ರ."