ಸುಬೇದಾರ್ ದೊಡ್ಡಪ್ಪ ಕೇಳಿ ಪಡೆದ ಕಾಯಿ

ನಾಳೆ ತಿಪಟೂರಿನಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ. ಹಜಾರದ ತುಂಬ ಸುಲಿದ ತೆಂಗಿನಕಾಯಿ, ಹಸಿ ನಾರಿನ ವಾಸನೆ; ಕಾಲಿಡಲು ಜಾಗವಿಲ್ಲ. ಬಂದವರಿಗೆಲ್ಲ ಎಲೆ ಅಡಿಕೆ ಜೊತೆ ಒಂದೊಂದು ಕಾಯಿ ಕೊಡಬೇಕಲ್ಲ. ಬರುವವರಲ್ಲಿ ಮುಕ್ಕಾಲು ಪಾಲು ತೋಟದವರೇ; ಕೊಬ್ಬರಿಗೆಂದು ಇಟ್ಟ ಕಾಯಿಯ ಭಾರಕ್ಕೆ ಅವರ ಅಟ್ಟದ ತೊಲೆ ಬಗ್ಗಿರುತ್ತದೆ. ಆದರೂ ಕೊಡದೆ ಕಳಿಸಿ ನೋಡಿ, ಮುಂದಿನ ಮದುವೆಗಳಲ್ಲೆಲ್ಲ ನಿಮ್ಮದೇ ಮಾತು. ಕೊಟ್ಟದ್ದನ್ನು ಬೇಡ ಎನ್ನುವುದಂತೂ ಇನ್ನೂ ದೊಡ್ಡ ತಪ್ಪು. ಆ ತಪ್ಪನ್ನು ನಿಯಮಪ್ರಕಾರ ಮಾಡಿದವರು ನಮ್ಮ ಸುಬೇದಾರ್ ದೊಡ್ಡಪ್ಪ.

ದೊಡ್ಡಪ್ಪ ಸೈನ್ಯದಿಂದ ನಿವೃತ್ತರಾಗಿ ಬಂದ ಮೇಲೆ ಮಾಜಿ ಸೈನಿಕರ ಕಷ್ಟಸುಖ ನೋಡಿಕೊಳ್ಳುವ ಕಚೇರಿಗೆ ಸೇರಿದರು. ಪಿಂಚಣಿ ನಿಂತವರು, ಗಂಡನ ಹೆಸರು ಒಂದು ಕಾಗದದಲ್ಲಿ ಒಂದು ಥರ ಇನ್ನೊಂದರಲ್ಲಿ ಇನ್ನೊಂದು ಥರ ಇದ್ದವರು, ಎಲ್ಲ ಇವರ ಮೇಜಿನ ಮುಂದೆ. ಯಾರಿಂದಲೂ ಒಂದು ಲೋಟ ಕಾಫಿ ಕೂಡ ಮುಟ್ಟುತ್ತಿರಲಿಲ್ಲ. ಮನೆಯಿಂದಲೇ ಫ್ಲಾಸ್ಕ್ ಒಯ್ಯುತ್ತಿದ್ದರು. ನನ್ನ ಮದುವೆಗೂ ಫ್ಲಾಸ್ಕ್ ತಂದಿದ್ದರು ಎಂದು ನಾನು ಹೇಳಿಕೊಂಡು ತಿರುಗುತ್ತೇನೆ. ನಿಜವಲ್ಲ, ಆದರೆ ನಂಬದವರು ಈವರೆಗೆ ಸಿಕ್ಕಿಲ್ಲ.

ಹಂದನಕೆರೆಯ ರಂಗಮ್ಮ ಸೈನಿಕನ ಹೆಂಡತಿ. ಗಂಡ ತೀರಿಕೊಂಡ ಮೇಲೆ ಪಿಂಚಣಿಗಾಗಿ ಅಲೆದು ಸುಸ್ತಾಗಿದ್ದರು. ದೊಡ್ಡಪ್ಪ ಹಟ ಹಿಡಿದು ಮಾಡಿಸಿಕೊಟ್ಟರು. ಆಕೆ ಸೆರಗಿನಲ್ಲಿ ಒಂದು ಕಾಯಿ ಕಟ್ಟಿಕೊಂಡು ಕಚೇರಿಗೆ ಬಂದು ಮುಂದೆ ಹಿಡಿದರು. ದೊಡ್ಡಪ್ಪ, "ತಗೊಳ್ಳಂಗಿಲ್ಲ ಕಣಮ್ಮ, ರೂಲ್ಸು," ಎಂದರು.

"ಗೊತ್ತಾಯ್ತು ಬುಡಿ ಸಾರ್. ಗಂಡ ಇಲ್ದೋಳ್ ಕೈಲಿ ಯಾರು ಇಸ್ಕೊಂತಾರೆ," ಎಂದು ಆಕೆ ಹೊರಟೇ ಹೋದರು.

ಅವತ್ತು ಸಂಜೆ ನಾನು ಅವರ ಮನೆಯಲ್ಲೇ ಇದ್ದೆ. ದೊಡ್ಡಪ್ಪ ನಡೆದದ್ದನ್ನು ಹೇಳಿದಾಗ ದೊಡ್ಡಮ್ಮ ಮುದ್ದೆ ಬಡಿಸುವುದನ್ನು ನಿಲ್ಲಿಸಿದರು. "ನಿಮ್ ರೂಲ್ಸು ಆಯಮ್ಮಂಗೇನ್ ಗೊತ್ತು ಕಣ್ರೀ? ಊರೋರ್ ಮಾಡಿದ್ನೇ ನೀವೂ ಮಾಡುದ್ರಿ ಅಂತ ತಿಳ್ಕೊಂಡವ್ಳೆ."

ಭಾನುವಾರ ನನ್ನ ಸ್ಕೂಟರಿನ ಹಿಂದೆ ಕೂತು ದೊಡ್ಡಪ್ಪ ಹಂದನಕೆರೆಗೆ ಹೊರಟರು. ಬೇರೆ ದಿನವಾದರೆ ನಾನು ಗೇರು ಬದಲಾಯಿಸುವ ರೀತಿಯನ್ನು ದಾರಿಯುದ್ದಕ್ಕೂ ತಿದ್ದುವ ಮನುಷ್ಯ, ಅವತ್ತು ಗೇರು ಕರಕರ ಎಂದರೂ ರಸ್ತೆಯನ್ನೇ ನೋಡುತ್ತಿದ್ದರು.

"ಅವತ್ತಿನ್ ಕಾಯಿ ಎಲ್ಲವ್ವ?" ಎಂದು ರಂಗಮ್ಮನ ಬಾಗಿಲಲ್ಲೇ ಕೇಳಿದರು.

"ಸಾರಿಗಾಕ್ಬುಟ್ಟೆ."

"ಹಂಗಾರೆ ಇನ್ನೊಂದ್ ಕೊಡು. ಇದು ಆಫೀಸಲ್ಲ."

ಆಕೆ ಒಳಗಿನಿಂದ ಕಾಯಿ ತಂದು ಜಗಲಿಯ ಮೇಲಿಟ್ಟು ಹಿಂದೆ ಸರಿದರು. ದೊಡ್ಡಪ್ಪ ಅದನ್ನು ಎತ್ತಿಕೊಳ್ಳಲಿಲ್ಲ. ಎರಡೂ ಕೈ ಚಾಚಿ, "ಕೈಗೆ ಕೊಡವ್ವ," ಎಂದರು. ರಂಗಮ್ಮ ಕದಲಲಿಲ್ಲ, ಇವರೂ ಚಾಚಿದ ಕೈ ಇಳಿಸಲಿಲ್ಲ. ಕೊನೆಗೆ ಆಕೆ ಕಾಯಿ ಎತ್ತಿ ಕೈಗೇ ಕೊಟ್ಟರು. ದೊಡ್ಡಪ್ಪನ ಮೇಲೆ ನನಗೆ ಯಾವಾಗಲೂ ಪ್ರೀತಿಯೇ, ಆದರೆ ಅವತ್ತು ಬಂದಷ್ಟು ಇನ್ನೆಂದೂ ಬರಲಿಲ್ಲ.

ಕಚೇರಿಯ ಕೆಲಸ ಮುಗಿದ ಮೇಲೆ ಊರಿನವರು ಅವರನ್ನು ತಾಲ್ಲೂಕು ಪಂಚಾಯಿತಿ ಚುನಾವಣೆಗೆ ನಿಲ್ಲಿಸಿದರು. ನಾಮಪತ್ರ ಸಲ್ಲಿಸಲು ಹೊರಡುವಾಗ ಮುತ್ತೈದೆಯೊಬ್ಬರ ಕೈಯಿಂದ ಎಲೆ ಅಡಿಕೆ, ಕಾಯಿ ಕೊಡಿಸಬೇಕೆಂದು ಹಿರಿಯರು ಹೇಳಿದರೆ, ಇವರು ರಂಗಮ್ಮನನ್ನು ಕರೆತರಲು ಕಾರು ಕಳಿಸಿದರು. ಸೋತರು. ಮತ ಕೇಳಲು ಹೋದ ಮನೆಗಳಲ್ಲಿ ಕೈ ಮುಗಿಯದೆ ಅಟೆನ್ಷನ್‌ನಲ್ಲಿ ನಿಲ್ಲುವ ಅಭ್ಯರ್ಥಿ ಸೋಲದೆ ಇನ್ನೇನು? ಆದರೆ ಊರು ದೂರಿದ್ದು ರಂಗಮ್ಮನನ್ನು.

ಮುಂದಿನ ಚುನಾವಣೆಗೂ ದೊಡ್ಡಪ್ಪ ನಿಂತರು; ಕಾರು ಕಳಿಸಿದರೂ ರಂಗಮ್ಮ ಬರಲಿಲ್ಲ. "ನನ್ ಕೈಗುಣ ಸರಿಯಿಲ್ಲ, ಈ ಸಲ ಬ್ಯಾಡ," ಎಂದು ಹೇಳಿ ಕಳಿಸಿದರು. ದೊಡ್ಡಪ್ಪ ತಾವೇ ಹೋಗಿ ಆಕೆಯ ಜಗಲಿಯ ಮೇಲೆ ಕೂತರು. ನಾಮಪತ್ರದ ಕಡೆಯ ದಿನ. ಜೊತೆಗಿದ್ದವರು, "ಟೈಮ್ ಮುಗೀತದೆ ಸಾರ್," ಎಂದು ಚಡಪಡಿಸಿದರು.

"ಮುಗೀಲಿ ಬುಡಿ. ಸೋತಿದ್ದು ನನ್ನಿಂದ. ಅದ್ನ ಈಯಮ್ಮನ ತಲೆ ಮೇಲಾಕಿ ನಾನ್ ಗೆಲ್ಬೇಕಾ?"

ಆಕೆ ಕಾಯಿ ಕೊಟ್ಟ ಮೇಲೆಯೇ ಎದ್ದರು. ಆ ಸಲ ಗೆದ್ದರು. ಸೋತಿದ್ದರೂ ಮೂರನೇ ಸಲ ಅಲ್ಲಿಗೇ ಹೋಗುತ್ತಿದ್ದರು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ದೊಡ್ಡಪ್ಪ ಹೋದ ವರ್ಷ ತೀರಿಕೊಂಡರು. ದೊಡ್ಡಮ್ಮ ಈಗ ನಮ್ಮ ಜೊತೆಗೇ ಇದ್ದಾರೆ. ಇಗೋ, ನನ್ನೆದುರು ಚಾಪೆಯ ಮೇಲೆ ಕೂತು ತಾಂಬೂಲದ ಚೀಲ ತುಂಬುತ್ತಿದ್ದಾರೆ.

"ನಾಳೆ ಬಂದೋರಿಗೆ ತಾಂಬೂಲ ಕೊಡೋಕೆ ಯಾರನ್ನ ಕೂರಿಸೋದು?" ನನ್ನ ಹೆಂಡತಿ ಈಗಷ್ಟೇ ನನ್ನನ್ನು ಕೇಳಿದಳು. ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. ನೆಂಟರಿಷ್ಟರ ಬಾಯಿ ಮುಚ್ಚಿಸುವಂಥ ಭಾಷಣವೊಂದನ್ನು ವಾರದಿಂದ ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡಿದ್ದೆ. ಗಂಟಲು ಸರಿಮಾಡಿಕೊಂಡೆ.

ದೊಡ್ಡಮ್ಮ ಚೀಲದಿಂದ ತಲೆ ಎತ್ತಲಿಲ್ಲ. "ಯಾರನ್ಯಾಕ್ ಹುಡುಕ್ತೀಯ? ನಾನಿಲ್ವಾ? ಕುರ್ಚಿ ಒಂದ್ ಹಾಕ್ಸು, ಮಂಡಿ ನೋವು ಕಣೇ."

ಭಾಷಣ ನುಂಗಿಕೊಂಡು, ಕೈಯಿರುವ ಕುರ್ಚಿ ಎಲ್ಲಿದೆ ಎಂದು ನೋಡಲು ಎದ್ದೆ.