ಚೆಂಡು ಹೂವು ನುಂಗಿದ ಪಂಪು

ಹರಿಹರದ ಈ ದೊಡ್ಡ ಮನೆಯಲ್ಲಿ ಇನ್ನೂ ಯಾರೂ ಎದ್ದಿಲ್ಲ. ಹಿತ್ತಲ ಬಾಗಿಲ ಲೈಟಿನ ಕೆಳಗೆ, ನೀಲಿ ಡ್ರಮ್ಮಿನ ಮುಂದೆ ಕುಕ್ಕರಗಾಲಲ್ಲಿ ಕೂತು ಪರಶುರಾಮ್ ಸಮುದ್ರ ತಯಾರಿಸುತ್ತಿದ್ದಾರೆ. ಫಿಲ್ಟರಿನಿಂದ ಇಳಿದ ನೀರಿಗೆ ಚೀಲದ ಉಪ್ಪು ಸುರಿದು, ಮೊಣಕೈವರೆಗೆ ತೋಳು ಇಳಿಸಿ ತಿರುವುತ್ತಾರೆ. ಇದು ಸಾರಿಗೆ ಹಾಕುವ ಉಪ್ಪಲ್ಲ. ಕಡಲ ನೀರಿನಲ್ಲಿ ಏನೇನಿರುತ್ತದೋ ಅದೆಲ್ಲ ಬೆರೆತು ಬರುವ ಉಪ್ಪು. ಅವರ ಬೆರಳ ಸಂದುಗಳೆಲ್ಲ ಬಿರಿದಿವೆ. ಉರಿಯುವುದಿಲ್ಲವೇ ಎಂದು ಕೇಳಿದರೆ ನಗುತ್ತಾರೆ.

"ಉರೀತೈತ್ರಿ ಮೇಡಂ. ಉರಿ ಕಮ್ಮಿ ಅನ್ಸಿದ್ರೆ ಉಪ್ಪು ಕಮ್ಮಿ ಬಿದ್ದೈತೆ ಅಂತ ತಿಳ್ಕಂತೀನಿ."

ಆಮೇಲೆ ಬಕೆಟ್ ಎತ್ತಿಕೊಂಡು, ಚಪ್ಪಲಿ ಹೊರಗೆ ಬಿಟ್ಟು ಹಾಲ್‌ಗೆ ಹೋಗುತ್ತಾರೆ. ಸೋಫಾದ ಎದುರಿನ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ. ಒಳಗೆ ನೇರಳೆ ಬಣ್ಣ ಹತ್ತಿದ ಕಲ್ಲುಗಳು, ಕಲ್ಲಿನ ಮೇಲೆ ಅಂಗಿ ಗುಂಡಿಗಳಂತೆ ಒತ್ತೊತ್ತಾಗಿ ಕೂತ ಹವಳ, ಅವುಗಳ ಮಧ್ಯೆ ಕಿತ್ತಳೆ ಮೈಯ, ಬಿಳಿ ಪಟ್ಟೆಯ ಒಂದು ಮೀನು. ಒಂದೇ. ಮೊದಲು ಅದಕ್ಕೆ ಜೋಡಿಯಿತ್ತು, ಬೇರೆ ಮೀನುಗಳೂ ಇದ್ದವು. ಪರಶುರಾಮ್ ಕೊಳವೆ ಹಾಕಿ ಹಳೆ ನೀರು ಇಳಿಸಿಕೊಳ್ಳುತ್ತಾರೆ, ಹೊಸ ನೀರನ್ನು ಲೋಟದಲ್ಲಿ ನಿಧಾನ ಬಿಡುತ್ತಾರೆ. ಐದು ತಿಂಗಳ ಹಿಂದೆ ಈ ತೊಟ್ಟಿ ಕೊಳೆತು ನಾರುತ್ತಿತ್ತು. ಇವತ್ತು ಇದು ಬದುಕಿರುವುದು ಈ ಮನುಷ್ಯನಿಂದ. ಈ ಮಾತನ್ನು ಈ ಮನೆಯಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಪೇಪರಿಗೆ ಬರೆಯುತ್ತಿದ್ದೇನೆ.

ದಾವಣಗೆರೆ, ಹರಿಹರಗಳಲ್ಲಿ ಕಡಲ ತೊಟ್ಟಿ ಇಡುವ ಶೋಕಿ ಹೊಸದು. ಪಕ್ಕದಲ್ಲೇ ತುಂಗಭದ್ರೆ ಹರಿಯುತ್ತದೆ, ಅದರ ಮೀನು ಯಾರ ಕಣ್ಣಿಗೂ ಅಂದವಾಗಿ ಕಾಣುವುದಿಲ್ಲ. ಬೀದಿಯಲ್ಲಿ ಮೀನಿನ ಬುಟ್ಟಿ ಹೋದರೆ ಸೆರಗನ್ನು ಮೂಗಿಗೆ ಒತ್ತಿಕೊಳ್ಳುವ ಮನೆಗಳ ಹಾಲ್‌ನಲ್ಲೇ ಈಗ ಎಲ್ಲಿಂದಲೋ ಬಂದ ಮೀನು ಕಣ್ಣು ಬಿಟ್ಟುಕೊಂಡು ಓಡಾಡುತ್ತದೆ. ನೆಂಟರು ಬಂದಾಗ ಲೈಟು ಹಾಕಿ ತೋರಿಸುವುದು ಯಜಮಾನರ ಕೆಲಸ. ಗಾಜು ಉಜ್ಜುವುದು, ನೀರು ಬದಲಿಸುವುದು, ಸತ್ತದ್ದನ್ನು ಮಕ್ಕಳ ಕಣ್ಣಿಗೆ ಬೀಳದಂತೆ ಎತ್ತುವುದು ಪರಶುರಾಮ್ ಕೆಲಸ.

ಅವರು ದಾವಣಗೆರೆಯ ನಿಟ್ಟುವಳ್ಳಿಯವರು. ಅಪ್ಪ ಹತ್ತಿ ಗಿರಣಿಯಲ್ಲಿದ್ದರು. ಗಿರಣಿ ಬಾಗಿಲು ಹಾಕಿದ ಮೇಲೆ ಅಮ್ಮ ನಾಗಕ್ಕ ಮಂಡಕ್ಕಿ ಭಟ್ಟಿಯಲ್ಲಿ ಹೊಗೆ ಕುಡಿದು ಮನೆ ನಡೆಸಿದರು. ಎಸ್ಸೆಸ್ಸೆಲ್ಸಿ ಮುಗಿಸಿದ ಬೇಸಿಗೆಯಲ್ಲೇ ಪರಶುರಾಮ್, ಖಲೀಲ್ ಎಂಬುವರ ಅಕ್ವೇರಿಯಂ ಅಂಗಡಿ ಸೇರಿದರು. "ಖಲೀಲ್ ಭಾಯ್ ಅರ್ಧ ಕಲ್ಸಿದ್ರು, ಉಳಿದರ್ಧ ಸತ್ತ ಮೀನು ಕಲ್ಸಿದ್ವು. ನನ್ನ ಕೈಯಾಗೂ ಭಾಳ ಸತ್ತಾವ್ರಿ, ಸುಳ್ಳು ಯಾಕ ಹೇಳ್ಲಿ?" ಎನ್ನುತ್ತಾರೆ. ದಿನವೂ ಕಡಲ ನೀರು ಕಲಸುವ ಇವರು ನಿಜವಾದ ಕಡಲು ನೋಡಿದ್ದು ಒಮ್ಮೆ ಮಾತ್ರ.

"ಮದ್ವೆ ಆದ ಹೊಸದ್ರಾಗ ಕಾರವಾರಕ್ಕೆ ಹೋಗಿದ್ವಿ. ಮಳೆಗಾಲ, ನೀರು ರಾಡಿ ಆಗಿತ್ತು. ಇಂಥ ನೀರು ನಾನು ತೊಟ್ಟಿಗೆ ಬಿಟ್ರೆ ಸಾವ್ಕಾರ್ರು ಒದ್ದು ಓಡಿಸ್ತಾರೆ ಅಂತ ನಮ್ಮ ಸ್ವಾತಿಗೆ ಹೇಳಿದ್ದೆ."

ಈಗ ತೊಟ್ಟಿ ಕೆಟ್ಟ ಕಥೆಗೆ ಬರೋಣ. ಕಳೆದ ಆಯುಧಪೂಜೆಯ ದಿನ ನಡೆದದ್ದು. ಮನೆಯ ಯಜಮಾನ ಬಸವಕಿರಣ್ ಅವರದು ಟೈಲ್ಸ್ ವ್ಯಾಪಾರ. ಅಂದು ಅಂಗಡಿಯ ಕಟಿಂಗ್ ಮಿಷಿನ್ನು, ಲಾರಿ, ಕಾರು, ಅಡುಗೆಮನೆಯ ಮಿಕ್ಸಿ, ವಾಷಿಂಗ್ ಮಿಷಿನ್ನು ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡು ಹೂವಿನ ಸರ. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇನ್ನೊಂದು ಸಣ್ಣ ತೊಟ್ಟಿ ಇದೆ, ಅದರೊಳಗೆ ಒಂದು ಪಂಪು. ಮೇಲಿನಿಂದ ಇಳಿದು ಸೋಸಿದ ನೀರನ್ನು ಮತ್ತೆ ಮೇಲಕ್ಕೆ ತಳ್ಳುವುದು ಅದೇ. ಅದು ನಿಂತರೆ ಒಳಗಿನ ಜೀವಗಳಿಗೆ ಉಸಿರಿಲ್ಲ. ಆ ಪಂಪಿನ ಪೂಜೆ ಪ್ರತಿವರ್ಷ ಪರಶುರಾಮ್ ಅವರದ್ದೇ. ಕಪಾಟಿನ ಬಾಗಿಲಿಗೆ ಹೊರಗಿನಿಂದ ವಿಭೂತಿ ಎಳೆದು, ಕುಂಕುಮ ಇಟ್ಟು, ಊದುಬತ್ತಿ ಬೆಳಗಿ ಕೈ ಮುಗಿಯುತ್ತಾರೆ. ಹೂವನ್ನು ಒಳಗೆ ಬಿಡುವುದಿಲ್ಲ.

ಅಂದು ಬಸವಕಿರಣ್ ಅವರ ತಾಯಿ ಶಾಂತಕುಮಾರಿ ಸರ ಹಿಡಿದು ಬಂದರಂತೆ. "ಇದನ್ನೂ ಹಾಕಪ್ಪ ಅಂದ್ರು. ಬ್ಯಾಡ್ರಿ ಅಮ್ಮಾ, ನೀರಿಗೆ ಬಿದ್ರೆ ಪಂಪು ಎಳ್ಕಂತೈತೆ ಅಂದೆ. ಆಯ್ತು ಅಂದ್ರು." ಪರಶುರಾಮ್ ಮಂಡಕ್ಕಿ ಮಿರ್ಚಿ ತಿಂದು ಹೊರಟರು. ಅವರು ಗೇಟು ದಾಟಿದ ಮೇಲೆ ಶಾಂತಕುಮಾರಿ ಕಪಾಟು ತೆರೆದರು. ಹಗಲೂ ರಾತ್ರಿ ಬಿಡುವಿಲ್ಲದೆ ದುಡಿಯುವ ಮಿಷಿನ್ನಿಗೆ ಹಬ್ಬದ ದಿನ ಒಂದು ಹೂವೂ ಇಲ್ಲವೆಂದರೆ ಅವರ ಮನಸ್ಸು ಒಪ್ಪಲಿಲ್ಲ. ಸರವನ್ನು ಪಂಪಿನ ಪೈಪಿಗೆ ಸುತ್ತಿ ಬಾಗಿಲು ಮುಚ್ಚಿದರು.

ಮರುದಿನ ಬೆಳಿಗ್ಗೆ ಮನೆಮಂದಿಯೆಲ್ಲ ಉಕ್ಕಡಗಾತ್ರಿಗೆ, ಇಲ್ಲಿಯವರು ಅಜ್ಜಯ್ಯ ಎಂದೇ ಕರೆಯುವ ಕರಿಬಸವೇಶ್ವರನ ದರ್ಶನಕ್ಕೆ ಹೋಗಿ ರಾತ್ರಿ ಅಲ್ಲೇ ಉಳಿದರು. ಇಲ್ಲಿ ಸರ ನೀರಿಗೆ ಜಾರಿತು. ಪಂಪು ಎಸಳುಗಳನ್ನು ಎಳೆದುಕೊಂಡು, ತಿರುಗಲಾರದೆ ನಿಂತು ಸುಟ್ಟುಹೋಯಿತು. ವಾಪಸ್ ಬಂದು ಬೀಗ ತೆಗೆದಾಗ ಮನೆಯೆಲ್ಲ ಸತ್ತ ಮೀನಿನ ನಾತ. ಮಲೆಬೆನ್ನೂರಿನ ಮಾವನ ಮನೆಯಲ್ಲಿ ಊಟಕ್ಕೆ ಕೂತಿದ್ದ ಪರಶುರಾಮ್ ಫೋನ್ ಬಂದದ್ದೇ ಎಲೆ ಬಿಟ್ಟು ಎದ್ದು ಬಂದರು.

"ಪಂಪು ಬಿಚ್ಚಿದೆ. ಒಳಗೆ ಚೆಂಡು ಹೂವು ಮುದ್ದೆ ಆಗಿ ಕೂತಿತ್ತು. ಸಾವ್ಕಾರ್ರು ಮೂಗಿಗೆ ಟವಲ್ ಕಟ್ಕಂಡು ನಿಂತಿದ್ರು. 'ಪೂಜೆ ಮಾಡಿದ್ದು ನೀನೇ ಅಲ್ಲೇನೋ' ಅಂದ್ರು. ನಾನು ಅಮ್ಮಾರ ಮುಖ ನೋಡಿದೆ. ಅಮ್ಮಾರು ಒಳಗೆ ಹೋದ್ರು."

ಬಾಯಿ ಬಿಟ್ಟು ಹೇಳಬಹುದಿತ್ತಲ್ಲ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳುತ್ತೇನೆ. ಅವರು ಲೋಟದ ನೀರನ್ನೇ ನೋಡುತ್ತಾರೆ. "ವಯಸ್ಸಾದೋರ್ರಿ. ಸೊಸೆ, ಮಮ್ಮಕ್ಕಳು ಎಲ್ಲಾ ನಿಂತಿದ್ರು. ಎಲ್ಲಾರ ಮುಂದೆ ನೀವೇ ಹಾಕಿದ್ದು ಅಂತ ಹೆಂಗೆ ಹೇಳ್ಲಿ? ನಾಳೆ ಅವರೇ ಹೇಳ್ತಾರೆ ಬಿಡು ಅಂದ್ಕಂಡೆ."

ತೊಟ್ಟಿ ಮಾರಿದ್ದ ಅಂಗಡಿಯವರು ಫೋನಿನಲ್ಲಿ, ಎಲ್ಲ ಎಸೆದು ಹೊಸದು ಮಾಡಿ ಎಂದರು. ಪರಶುರಾಮ್ ಕಲ್ಲುಗಳನ್ನು ಎಸೆಯಲು ಬಿಡಲಿಲ್ಲ. ಕಲ್ಲಿನ ರಂಧ್ರಗಳಲ್ಲಿ ನೀರು ಶುದ್ಧ ಮಾಡುವ ಸೂಕ್ಷ್ಮ ಜೀವಗಳು ಇನ್ನೂ ಇವೆ, ಅವು ಬದುಕಿದರೆ ಮಿಕ್ಕದ್ದೂ ಚೇತರಿಸಿಕೊಳ್ಳುತ್ತದೆ ಎಂದರು. ಬಸವಕಿರಣ್ "ಕೆಡಿಸಿದವನು ನೀನು, ಸರಿ ಮಾಡುವವನೂ ನೀನೇ" ಎಂದು ಎದ್ದು ಹೋದರು. ಉಸಿರು ಉಳಿದಿದ್ದ ಒಂದು ಮೀನು, ಅರ್ಧ ಕರಗಿದ ನಾಲ್ಕಾರು ಹವಳದ ತುಂಡುಗಳನ್ನು ಪರಶುರಾಮ್ ಹಿತ್ತಲ ಡ್ರಮ್ಮಿಗೆ ಹಾಕಿ ಗಾಳಿಯ ಕೊಳವೆ ಬಿಟ್ಟರು. ಕೊಳೆತದ್ದನ್ನು ಕೈಯಿಂದಲೇ ಬಳಿದು, ಹೊಸ ಪಂಪು ಕೂರಿಸಿದರು.

ಅಲ್ಲಿಂದ ಶುರುವಾಯಿತು ದಿನವೂ ನಿಟ್ಟುವಳ್ಳಿಯಿಂದ ಹರಿಹರಕ್ಕೆ ಮಬ್ಬುಗತ್ತಲಲ್ಲಿ ಬೈಕಿನ ಓಡಾಟ. ಸ್ವಲ್ಪ ನೀರು ತೆಗೆ, ಸ್ವಲ್ಪ ಹಾಕು, ಪರೀಕ್ಷಿಸು, ಕಾಯಿ. ಒಮ್ಮೆಲೇ ಎಲ್ಲ ಬದಲಿಸಿದರೆ ಉಳಿದದ್ದೂ ಸಾಯುತ್ತದೆ. ಮೊದಲು ಕಂದು ಲೋಳೆ ಹಬ್ಬಿತು, ಅದು ಹೋಗುತ್ತಿದ್ದಂತೆ ಹಸಿರು ಪಾಚಿ ಕೂದಲಿನಂತೆ ಬೆಳೆಯಿತು. ಪಾಚಿಯನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರು. ನಡುವೆ ಅವಸರ ಮಾಡಿ ಎರಡು ಹವಳದ ತುಂಡುಗಳನ್ನು ಬೇಗನೆ ತೊಟ್ಟಿಗೆ ಬಿಟ್ಟು ಕಳೆದುಕೊಂಡರು. "ಅದು ನನ್ನ ತಪ್ಪೇರಿ. ಬೇಗ ತೋರಿಸಬೇಕಿತ್ತು ನಂಗೆ" ಎಂದು ಒಪ್ಪಿಕೊಳ್ಳುತ್ತಾರೆ.

ಅವಸರಕ್ಕೆ ಕಾರಣವಿತ್ತು. ಒಂದು ಮದುವೆ ಊಟದಲ್ಲಿ ಬಸವಕಿರಣ್ ಈ ಕಥೆಯನ್ನು ನಗೆಚಾಟಿಕೆಯಂತೆ ಹೇಳಿದ್ದರು: ನಮ್ಮ ಪರಶುರಾಮ ಪಂಪಿಗೆ ಹೂವಿನ ಹಾರ ಹಾಕಿ ಮೀನಿಗೆಲ್ಲ ಮೋಕ್ಷ ಕೊಟ್ಟ. ತೊಟ್ಟಿ ಇಟ್ಟ ಮನೆಯವರೆಲ್ಲ ಒಬ್ಬರಿಗೊಬ್ಬರು ಬೀಗರೋ, ಪಾಲುದಾರರೋ ಆಗಿರುವ ಊರಿದು. ಪರಶುರಾಮ್ ತೊಟ್ಟಿ ನೋಡಿಕೊಳ್ಳುತ್ತಿದ್ದ ಒಂಬತ್ತು ಮನೆಗಳಲ್ಲಿ ಆರು ಮನೆಯವರು ಬರಬೇಡ ಎಂದರು. ಒಬ್ಬರು ಗೇಟಿನಲ್ಲೇ ನಿಲ್ಲಿಸಿ, ಇವತ್ತೂ ಹೂವು ತಂದಿದ್ದೀಯೇನೋ ಎಂದು ಕೇಳಿದರಂತೆ. "ಈ ತೊಟ್ಟಿ ಎದ್ರೆ ನನ್ನ ಹೆಸ್ರೂ ಎದ್ದೇಳ್ತೈತೆ ಅಂದ್ಕಂಡಿದ್ದೆ. ಸಾವ್ಕಾರ್ರು ಒಂದು ಮಾತು ಹೇಳಿದ್ರೆ ಆ ಆರೂ ಮನಿಯೋರು ಮತ್ತೆ ಕರೀತಾರೆ ಅಂತ."

ತೊಟ್ಟಿ ಎದ್ದಿತು. ಕಲ್ಲಿಗೆ ನೇರಳೆ ಬಣ್ಣ ಮರಳಿತು, ಮುದುಡಿದ್ದ ಹವಳ ಬಾಯಿ ತೆರೆಯಿತು. ಶಿವರಾತ್ರಿಗೆ ನೆಂಟರು ಬಂದಾಗ ಬಸವಕಿರಣ್ ಲೈಟು ಹಾಕಿದರು. ಎಲ್ಲರೂ ಬೆರಗಾದರು. ಸತ್ತೇ ಹೋಗಿತ್ತಂತಲ್ಲ, ಯಾರು ಸರಿ ಮಾಡಿದ್ದು ಎಂದು ಯಾರೋ ಕೇಳಿದರು. ಶಾಂತಕುಮಾರಿ ಕೈ ಮುಗಿದು, "ಎಲ್ಲಾ ಉಕ್ಕಡಗಾತ್ರಿ ಅಜ್ಜಯ್ಯನ ಕೃಪೆ. ನಾನು ಹರಕೆ ಹೊತ್ತಿದ್ದೆ" ಎಂದರು. ಬಸವಕಿರಣ್ ತಲೆದೂಗಿದರು. ಖಾಲಿ ಬಕೆಟ್ ಹಿಡಿದ ಪರಶುರಾಮ್ ಹಿತ್ತಲ ಬಾಗಿಲಲ್ಲಿದ್ದರು.

"ನಾನೂ ಅಮಾಸಿಗೆ ಅಜ್ಜಯ್ಯಗೆ ನಡ್ಕಂತೀನ್ರಿ. ಅವನ ಮ್ಯಾಲೆ ನಂಗೆ ಸಿಟ್ಟಿಲ್ಲ. ಆದ್ರೆ ನೋಡ್ರಿ, ಸಾಯ್ಸಾಕೆ ಪರಶುರಾಮ್ ಬೇಕಾದ, ಬದುಕ್ಸಾಕೆ ಅಜ್ಜಯ್ಯ ಬಂದ."

ಹೊತ್ತು ಏರಿದ ಮೇಲೆ ಮನೆಯವರು ನನಗೆ ಕಾಫಿ ಕೊಡುತ್ತಾರೆ. ಒಳ್ಳೆಯ ಜನ, ಒಳ್ಳೆಯ ಕಾಫಿ. ಹೂವಿನ ವಿಷಯ ಕೇಳಿದರೆ ಶಾಂತಕುಮಾರಿ ಅಡಗಿಸುವುದೇನೂ ಇಲ್ಲ. "ಹಾಕಿದ್ದು ನಾನೇ ಕಣಮ್ಮಾ. ಪೂಜೆ ಹೂವು ಎಲ್ಲಾದ್ರೂ ಕೇಡು ಮಾಡ್ತೈತಾ? ಮಿಷಿನ್ನೇ ಹಳೇದಾಗಿತ್ತು. ಅವನು ನೋಡ್ಕಬೇಕಿತ್ತು." ಅವರ ಮುಖದಲ್ಲಿ ಕಪಟವಿಲ್ಲ. ಅದನ್ನು ನೋಡಿ ನನಗೆ ಇನ್ನಷ್ಟು ಸಂಕಟವಾಗುತ್ತದೆ. ಅವರು ಒಳಗೆ ಹೋದ ಮೇಲೆ ಬಸವಕಿರಣ್ ಅವರನ್ನು ಕೇಳುತ್ತೇನೆ, ಇದು ನಿಮಗೆ ಗೊತ್ತಿತ್ತೇ ಎಂದು.

"ಅವತ್ತೇ ಗೊತ್ತಾಯ್ತು ಮೇಡಂ. ಅಮ್ಮಂಗೆ ಹೇಳಾಕಾಗುತ್ತಾ? ಬಂದೋರೆಲ್ಲ ಏನಾಯ್ತು ಏನಾಯ್ತು ಅಂತಾರೆ, ಏನಾದ್ರೂ ಒಂದು ಹೇಳಬೇಕಲ್ಲ. ಪರಶುರಾಮ ನಮ್ಮವನೇ, ಬೇಜಾರು ಮಾಡ್ಕಳಲ್ಲ."

ನಮ್ಮವನೇ. ಈ ಮಾತು ಕೇಳಿ ನನ್ನ ಮೈ ಉರಿಯಿತು. ಇವರ ತಾಯಿಯ ಮಾನ ಉಳಿಸಲು ಆರು ಮನೆಯ ಅನ್ನ ಕಳೆದುಕೊಂಡವನು ನಮ್ಮವನೇ! ಹೋಗಲಿ, ಈಗಲಾದರೂ ಆ ಮನೆಯವರಿಗೆ ನಿಜ ಹೇಳಬಹುದಲ್ಲ ಎಂದೆ. "ಹಳೇ ಮಾತು ಬಿಡ್ರಿ" ಎಂದು ಬಸವಕಿರಣ್ ನಕ್ಕು, ಫೋಟೊ ತೆಗೆಯುತ್ತೀರಲ್ಲ ಎಂದು ತೊಟ್ಟಿಯ ಲೈಟು ಹಾಕಿಸಿದರು. ತಲೆ ಬಾಚಿಕೊಂಡು ಬಂದು ಪಕ್ಕದಲ್ಲಿ ನಿಂತರು. ಗಾಜು ಒರೆಸುತ್ತಿದ್ದವರಿಗೆ, "ಪರಶುರಾಮ, ಸ್ವಲ್ಪ ಆ ಕಡೆ ಸರಿ" ಎಂದರು. ಪರಶುರಾಮ್ ಸರಿದರು. ನಾನು ಆ ಫೋಟೊ ತೆಗೆಯಲಿಲ್ಲ.

ಹಿತ್ತಲಲ್ಲಿ ಅವರು ಡ್ರಮ್ಮು ತೊಳೆದು ಬೋರಲು ಹಾಕುತ್ತಿದ್ದಾರೆ. ಇನ್ನುಳಿದ ಎರಡು ಮನೆಗಳಿಗೆ ಹೋಗಬೇಕು. ಎಲ್ಲವನ್ನೂ ಬರೆಯಲೇ, ಈ ಮನೆಯೂ ಕೈಬಿಟ್ಟು ಹೋದೀತು ಎಂದು ಕೇಳುತ್ತೇನೆ. ಬಿರಿದ ಕೈಯನ್ನು ಅವರು ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ.

"ಬರೀರಿ ಮೇಡಂ. ಅಜ್ಜಯ್ಯನ ಹೆಸ್ರು ಬಿಡಬ್ಯಾಡ್ರಿ, ಅದನ್ನ ಮ್ಯಾಲೇ ಬರೀರಿ. ಅದರ ಕೆಳಗೆ, ನೀರು ಹೊತ್ತೋನು ನಿಟ್ಟುವಳ್ಳಿ ಪರಶುರಾಮ್, ಹೂವು ಹಾಕಿದ್ದು ಅವನಲ್ಲ ಅಂತ ಒಂದು ಸಾಲು ಹಾಕ್ರಿ. ಆ ಆರೂ ಮನಿಗೆ ನಿಮ್ಮ ಪೇಪರ್ ಬರ್ತೈತೆ."